ಹುಕ್ಕೇರಿ ಕಾಕಾನ ಅಂಬಾಸಿಡರ್

ಸತ್ತ ಇಂಜಿನ್‌ಗಳಿಗೆ ಜೀವ ಕೊಡುವ ಉದ್ಯೋಗ ಹಿಡಿದವನಿಗೆ ಅಳುಮುಖ ನೋಡುವುದು ತಪ್ಪಿದ್ದಲ್ಲ. ಗೋಕಾಕದ ನನ್ನ ಗ್ಯಾರೇಜಿಗೆ ಯಾರೂ ನಗುನಗುತ್ತಾ ಬರುವುದಿಲ್ಲ. ಬಂದವರ ಮುಖ ನೋಡಿ ನೋಡಿ ನನ್ನ ಮುಖವೂ ಹಾಗೇ ಆಗಿದೆ ಎಂದು ಮನೆಯವರು ಹೇಳುತ್ತಾರೆ. ಆದರೂ ಹುಕ್ಕೇರಿಯ ಒಬ್ಬ ಕಾಕಾನ ಹಳೇ ಅಂಬಾಸಿಡರ್ ಇಂಜಿನ್ ಕಟ್ಟುವಾಗ ಆಗಾಗ ನಗು ಬಂದದ್ದು ಸುಳ್ಳಲ್ಲ.

ಚೀಲದಲ್ಲಿ ಬಂದದ್ದು

ಬೇರೆ ಯಾರೋ ಬಿಚ್ಚಿ ಕೈಬಿಟ್ಟ ಇಂಜಿನ್ ಅದು. ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು, ಬಿಡಿಭಾಗಗಳನ್ನೆಲ್ಲ ಕಾಕಾ ಗೋಣಿಚೀಲದಲ್ಲಿ ತುಂಬಿ ತಂದಿದ್ದರು. ಚೀಲ ಬಿಚ್ಚುವ ಮೊದಲೇ ವಿಷಯ ಹೇಳಿದರು.

"ನಮ್ಮ ಮನಿಯಾಕಿಗೆ ಮರೆವಿನ ಬ್ಯಾನಿ ಐತ್ರಿ. ಮಾತು ನಿಂತೈತಿ. ನನ್ನೂ ಗುರ್ತಾ ಹಿಡ್ಯಾಂಗಿಲ್ಲ. ಈ ಗಾಡ್ಯಾಗ ಇಬ್ರೂ ಊರೂರು ತಿರಗೇವಿ. ಇದರ ಆವಾಜ್ ಕೇಳಿದ್ರ ಗುರ್ತಾ ಹತ್ತೀತು ಅಂತ ಆಸೆ."

ಒಂದೊಂದನ್ನೇ ಒರೆಸಿ, ಇದು ಇಂಥಲ್ಲಿಯದು ಎಂದು ಗುರುತು ಹಚ್ಚುತ್ತಾ ಹೋದೆ. ಒಂದು ಹಿತ್ತಾಳೆಯ ತುಂಡು ಮಾತ್ರ ಎಲ್ಲೂ ಕೂರಲಿಲ್ಲ. ಕಾರ್ಬುರೇಟರಿಗೆ ಹಿಡಿದೆ, ಪಂಪಿಗೆ ಹಿಡಿದೆ. ಕಡೆಗೆ ನಾಚಿಕೆ ಬಿಟ್ಟು ಕಾಕಾನಿಗೇ ತೋರಿಸಿದೆ.

"ಅದು ಅಕಿ ಸ್ಟೋವಿಂದು," ಎಂದರು. "ಅದೂ ಹೊತ್ತವಲ್ದು. ಬಂದದ್ದು ಬಂದೈತಿ, ಒಂದೀಟು ನೋಡ್ರಿ ಮೇಸ್ತ್ರಿ."

ಕಾವು

ವಾಲ್ವ್‌ಗಳನ್ನು ಒತ್ತುವ ರಾಕರ್ ಪೂರಾ ಸವೆದಿತ್ತು. ಅಂಗಡಿಯಲ್ಲಿ ಅಂಥದು ಈಗ ಸಿಗುವುದಿಲ್ಲ. ಮೂಡಲಗಿಯ ಒಂದು ಹಿತ್ತಿಲಲ್ಲಿ ಅಂಥದೇ ಗಾಡಿ ತುಕ್ಕು ಹಿಡಿದು ನಿಂತಿದೆ ಎಂದು ಸುದ್ದಿ ಬಂತು. ಹೋಗಿ ಬಾನೆಟ್ ಎತ್ತಿದರೆ, ಕೆಳಗಿನಿಂದ ನುಸುಳಿದ ಕೋಳಿಯೊಂದು ಇಂಜಿನ್ ಮೇಲೆ ಕಾವು ಕೂತಿದೆ. ಆ ಮನೆಯ ಅಜ್ಜಿ ಸ್ಪ್ಯಾನರ್ ಹಿಡಿದ ನನ್ನ ಕೈ ತಡೆದಳು.

"ಕಾವು ಕುಂತದ್ದನ್ನ ಎಬ್ಬಸಬಾರ್ದೋ ತಮ್ಮಾ. ಮರಿ ಆದ ಮ್ಯಾಲ ಬಾ."

ಬರಿಗೈಲಿ ಬಂದೆ. ಕಾಕಾ ದಿನಾ ಫೋನ್ ಮಾಡುವರು. ಅವರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ರಾಕರ್ ಎಲ್ಲಿಗೆ ಬಂತ್ರಿ ಮೇಸ್ತ್ರಿ?"

"ಅದರ ಮ್ಯಾಲ ಕೋಳಿ ಕಾವಿಗೆ ಕುಂತೈತ್ರಿ ಕಾಕಾ."

ಕಾಕಾ ಕೇಳಿದರು, "ಎಷ್ಟು ತತ್ತಿ ಅದಾವು?"

ಖಂಡೇನವಮಿ

ಯಾವ ವಾಲ್ವ್ ಯಾವ ಗೂಡಿನಿಂದ ಬಂತೋ ಅದೇ ಗೂಡಿಗೆ ಹೋಗಬೇಕು. ವರ್ಷಗಟ್ಟಲೆ ಕೂಡಿ ಸವೆದಿರುತ್ತವೆ, ಬೇರೆಯದಕ್ಕೆ ಹೊಂದುವುದಿಲ್ಲ. ಅದಕ್ಕೇ ಎಲ್ಲವನ್ನೂ ಸಾಲಾಗಿ ಇಟ್ಟು ಸುಣ್ಣದ ಗುರುತು ಹಾಕಿದ್ದೆ. ಅಷ್ಟರಲ್ಲಿ ಖಂಡೇನವಮಿ, ಅಂದರೆ ಆಯುಧಪೂಜೆ, ಬಂತು. ಆ ದಿನ ಹತ್ಯಾರುಗಳನ್ನು ತೊಳೆದು ಪೂಜೆಗೆ ಇಡುವುದು ನಮ್ಮ ಅವ್ವನ ಕೆಲಸ. ನಾನು ಹೂ ತರಲು ಹೋಗಿ ಬರುವಷ್ಟರಲ್ಲಿ ಅವ್ವ ಹತ್ಯಾರಿನ ಜೊತೆಗೆ ವಾಲ್ವ್, ಸ್ಪ್ರಿಂಗ್ ಎಲ್ಲ ತಿಕ್ಕಿ ತೊಳೆದು, ಸಾಲಿ ಮಕ್ಕಳನ್ನು ಫೋಟೋಕ್ಕೆ ನಿಲ್ಲಿಸಿದ ಹಾಗೆ ಸಣ್ಣವು ಮುಂದೆ, ದೊಡ್ಡವು ಹಿಂದೆ ಜೋಡಿಸಿದ್ದಳು. ನನ್ನ ಸುಣ್ಣದ ಗುರುತಿದ್ದಲ್ಲಿ ಈಗ ವಿಭೂತಿ.

ತಲೆ ಮೇಲೆ ಕೈಹೊತ್ತು ಕೂತೆ. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತೆಯೂ ಇಲ್ಲ. ಮರುದಿನದಿಂದ ಒಂದೊಂದನ್ನೂ ಗೂಡಿಗೆ ಹಿಡಿದು, ಉಜ್ಜಿ, ಮತ್ತೆ ತೆಗೆದು ನೋಡುವುದರಲ್ಲೇ ವಾರಗಳು ಹೋದವು. ಅತ್ತ ಕಾಕಾನ ಹೆಂಡತಿ ಉಣ್ಣುವುದನ್ನೂ ಮರೆಯತೊಡಗಿದ್ದಾರೆ ಎಂಬ ಸುದ್ದಿ, ಇತ್ತ ಕೆಲಸ ಸಾಗದ ಸಿಟ್ಟು. ಆ ಸಿಟ್ಟನ್ನು ಅವ್ವನ ಮೇಲೆ ತೀರಿಸಿಕೊಂಡೆ.

"ಹ್ವಾದ ವರ್ಷ ದೇವರ ಮುಂದ ಕೆಲಸ ಕೊಡಪಾ ಅಂತ ಬೇಡಕೊಂಡಾಂವ ನೀನ," ಎಂದಳು ಅವ್ವ. "ಈಗ ಕೊಟ್ಟಾನ, ಮಾಡು."

ಕೆಡಿಸಿದ್ದು

ಕೋಳಿ ಮರಿ ಎಬ್ಬಿಸಿದ ಮೇಲೆ ಮೂಡಲಗಿಯಿಂದ ರಾಕರ್ ತಂದೆ, ಅಂತೂ ಇಂಜಿನ್ ಕೂಡಿತು. ಕೀಲಿ ತಿರುಗಿಸಿದರೆ ಸಾಕು, ಚಾಲೂ. ಹುಕ್ಕೇರಿಗೆ ಒಯ್ದು ಕಾಕಾನ ಮನೆ ಮುಂದೆ ನಿಲ್ಲಿಸಿದೆ. ಕಾಕಿ ಕಟ್ಟೆಯ ಮೇಲೆ ಕೂತಿದ್ದರು. ಕಾಕಾ ತಾವೇ ಸ್ಟೀರಿಂಗ್ ಮುಂದೆ ಕೂತು ಬಂದ್ ಮಾಡಿದರು, ಚಾಲೂ ಮಾಡಿದರು, ಹಾರ್ನ್ ಹೊಡೆದರು. ಕಾಕಿ ರಸ್ತೆಯಲ್ಲಿ ಹೋಗುವ ಎಮ್ಮೆ ನೋಡುತ್ತಿದ್ದರು.

ಕಾಕಾ ಸ್ಟೀರಿಂಗ್ ಮೇಲೆ ತಲೆ ಇಟ್ಟುಬಿಟ್ಟರು. ಇಷ್ಟು ದಿನ ಪಟ್ಟ ಪಾಡೆಲ್ಲ ನೀರಲ್ಲಿ ಹೋಯಿತು ಎನ್ನಿಸಿ ನನಗೂ ಅಳು ಬಂತು. ಸ್ವಲ್ಪ ಹೊತ್ತಿಗೆ ಅವರು ತಲೆ ಎತ್ತಿದರು.

"ಮೇಸ್ತ್ರಿ, ತಪ್ಪ ಆಗೈತಿ. ನಮ್ಮ ಗಾಡಿ ಯಾವಾಗ ಹಿಂಗ ತಾನ ಚಾಲೂ ಆಗಿತ್ತು? ದಿನಾ ಅಕೀನ ದಬ್ಬತಿದ್ಲು. ಇದನ್ನ ಕೆಡಸ್ರಿ."

ಗಿರಾಕಿ ಹೇಳಿ ಕೆಡಿಸಿದ್ದು ಅದೇ ಮೊದಲು. ಇಂಜಿನ್ ಚಾಲೂ ಮಾಡುವ ಸೆಲ್ಫಿನ ವಯರ್ ಕಿತ್ತೆ. ಕೀಲಿ ತಿರುಗಿಸಿದರೆ ಸದ್ದಿಲ್ಲ. ಕಾಕಾ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು, "ಏ, ಬಾ, ಒಂದೀಟು ದಬ್ಬು."

ಕಾಕಿ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಬಂದು ಡಿಕ್ಕಿಗೆ ಎರಡೂ ಕೈ ಹಚ್ಚಿದರು. ನಾನೂ ಬಾಜೂ ನಿಂತು ದಬ್ಬಿದೆ. ಗಾಡಿ ಅಲ್ಲಾಡಲಿಲ್ಲ.

"ಹ್ಯಾಂಡ್‌ಬ್ರೇಕ್ ತಗೀರಿ ಮೊದ್ಲ," ಎಂದರು ಕಾಕಿ. "ಎಷ್ಟು ಸಲ ಹೇಳೂದು ನಿಮಗ?"

ಕಾಕಾ ಬ್ರೇಕ್ ತೆಗೆಯಲಿಲ್ಲ. ಕನ್ನಡಿಯಲ್ಲಿ ಆಕೆಯನ್ನೇ ನೋಡುತ್ತಾ ಅಳುತ್ತಿದ್ದರು. ಕಾಕಿ ಆಡಿದ್ದು ಅಷ್ಟೇ. ತಿರುಗಿ ಹೋಗಿ ಕಟ್ಟೆಯ ಮೇಲೆ ಕೂತರು, ಮತ್ತೆ ರಸ್ತೆ ನೋಡತೊಡಗಿದರು.

ಹೊರಡುವ ಮುಂಚೆ ವಯರ್ ತಿರುಗಿ ಹಚ್ಚೋಣವೆಂದು ಬಾನೆಟ್ ಎತ್ತಿದೆ. ಕಾಕಾ ಓಡಿ ಬಂದು ಕೈಯಲ್ಲಿದ್ದ ವಯರ್ ಕಸಿದುಕೊಂಡು ನನ್ನ ಕಿಸೆಗೆ ತುರುಕಿದರು.

"ಇದನ್ನ ಗೋಕಾಕಕ್ಕ ಒಯ್ರಿ. ಇಲ್ಲಿದ್ರ ಯಾರರ ಹಚ್ಚಿ ಗಾಡಿ ನೆಟ್ಟಗ ಮಾಡ್ಯಾರು."