ವರದಿಯಲ್ಲಿಲ್ಲದ ಊದುಬತ್ತಿ

ಉಳಿತಾಯ ಮಾಡುವವರನ್ನು ಜನ ಯಾಕೆ ಅಷ್ಟೊಂದು ಹೊಗಳುತ್ತಾರೋ ನನಗೆ ಗೊತ್ತಿಲ್ಲ. ನಾನೂ ಒಮ್ಮೆ ಉಳಿತಾಯ ಮಾಡಿದೆ. ಅಂದಿನಿಂದ ಊಟ ರುಚಿಸುತ್ತಿಲ್ಲ. ಜಹೀರಾಬಾದಿನ ಒಂದು ಸಣ್ಣ ಡೇಟಾ ಸೆಂಟರಿಗೆ ನಾನು ಇನ್‌ಚಾರ್ಜ್. ಅಂದರೆ ಸದಾ ಬಿಸಿಯಾಗುವ ಕಂಪ್ಯೂಟರುಗಳು, ಅವನ್ನು ತಣ್ಣಗಿಡಲು ಕರೆಂಟು ನುಂಗುವ ನಾಲ್ಕು ಎಸಿಗಳು, ಇವುಗಳ ನಡುವೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುವ ನಾನು. ಎಸಿಗಳನ್ನು ನೋಡಿಕೊಳ್ಳುತ್ತಿದ್ದವರು ಸಂಗಪ್ಪ. ನಾರಾಯಣಖೇಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಹಿರಿಯರು, ಹಣೆ ತುಂಬ ವಿಭೂತಿ. ಸೋಮವಾರ ಸೋಮವಾರ ಕೋಣೆಯ ಬಾಗಿಲಾಚೆ ಒಂದು ಊದುಬತ್ತಿ ಹಚ್ಚಿ, ಎಸಿಗಳಿಗೆ ಕೈಮುಗಿದೇ ಒಳಗೆ ಬರುತ್ತಿದ್ದರು.

ಕರೆಂಟು ಕಡಿಮೆ ಮಾಡಿ ಎಂದು ಹೆಡ್ ಆಫೀಸಿನಿಂದ ಪತ್ರ ಬಂತು. ನಾನು ಮೂರು ದಿನ ಕೂತು ಗಾಳಿ ಹರಿಯುವ ನಕ್ಷೆ ಬರೆದೆ. ಗಾಳಿ ನನ್ನ ನಕ್ಷೆಯನ್ನು ಓದಿರಲಿಲ್ಲ. ಆ ಸೋಮವಾರ ಸಂಗಪ್ಪನವರಿಗೆ ಏನು ಹೊಳೆಯಿತೋ, ಇಡೀ ಕಟ್ಟು ಊದುಬತ್ತಿ ಹಚ್ಚಿಕೊಂಡು ಒಳಗೇ ಬಂದು, ಎಸಿಯ ಗಾಳಿ ಅಡಿಯಲ್ಲಿ ಹರಿಯುವ ಟೊಳ್ಳು ನೆಲಕ್ಕೆ ಹಿಡಿದರು.

"ಸಾಹೇಬ್ರ, ಹೊಗಿ ನೋಡ್ರಿ. ತಂಪು ಗಾಳಿ ಮಷಿನಿಗಿ ಮುಟ್ಟಾಂಗೇ ಇಲ್ರಿ. ವೈರಿನ ತೂತಿನಾಗಿಂದ ಎದ್ದು ಹಿಂದಿನ ಬಿಸಿ ಗಾಳಿಗಿ ಕೂಡಾಕತ್ತದ."

ಅಷ್ಟರಲ್ಲಿ ಬೆಂಕಿಯ ಅಲಾರಂ ಹೊಡೆದುಕೊಂಡಿತು. ಎಲ್ಲರೂ ಹೊರಗೆ ಓಡಿದರು. ಇನ್‌ಚಾರ್ಜ್ ಆದ್ದರಿಂದ ನಾನು ಎಲ್ಲರಿಗಿಂತ ಮುಂದಿದ್ದೆ. ಸಂಗಪ್ಪ ಮಾತ್ರ ಒಳಗೇ ಕೂತು ತೂತು ಎಣಿಸುತ್ತಿದ್ದರು. ಮರುದಿನ ಅವೆಲ್ಲಕ್ಕೂ ಸ್ಪಂಜು ತುರುಕಿದೆವು. ವಾರದೊಳಗೆ ಎರಡು ಎಸಿ ಬಂದ್ ಮಾಡಿದರೂ ಕೋಣೆ ತಣ್ಣಗೇ ಇತ್ತು.

ವರದಿ ನಾನು ಬರೆದೆ. ಊದುಬತ್ತಿ ಎಂದು ಬರೆಯಲು ನಾಚಿಕೆಯಾಗಿ 'ವಾಯುಸಂಚಾರ ಪರೀಕ್ಷೆ' ಎಂಬರ್ಥದ ಇಂಗ್ಲಿಷ್ ಹಾಕಿದೆ. ಊದುಬತ್ತಿ ಹೋದ ಮೇಲೆ ಅದನ್ನು ಹಿಡಿದವರ ಹೆಸರಿಗೂ ಜಾಗ ಉಳಿಯಲಿಲ್ಲ. ಉತ್ತರ ಬಂತು: ನನಗೆ ಅಭಿನಂದನೆ, ಎರಡೇ ಎಸಿಗೆ ಪ್ರತ್ಯೇಕ ಆಳು ಬೇಕಿಲ್ಲ, ಸಂಗಪ್ಪನವರನ್ನು ಕೆಲಸದಿಂದ ಬಿಡಿಸಿ. ಕಂಡುಹಿಡಿದವರೇ ಅವರು ಎಂದು ಹೇಳಲು ಹೆಡ್ ಆಫೀಸಿಗೆ ಫೋನ್ ಮಾಡಿದೆ. ಎತ್ತಿದ ಸಾಹೇಬರು ಮೊದಲೇ ಶಹಬ್ಬಾಸ್ ಅಂದುಬಿಟ್ಟರು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಕಡೆಯ ದಿನ ಸಂಗಪ್ಪ ಕೇಳಿದರು: "ವರದಿನಾಗ ನನ್ನ ಹೆಸರು ಹಾಕೀರಲ್ರಿ?"

"ಹಾಕೀನ್ರಿ," ಎಂದೆ.

ಅವರ ಮುಖ ಅರಳಿತು. "ಹಂಗಾದ್ರ ಒಂದು ಝೆರಾಕ್ಸ್ ಕೊಡ್ರಿ ಸಾಹೇಬ್ರ. ಬ್ಯಾರೆ ಕಡಿ ಕೆಲಸ ಕೇಳಾಕ ಹೋದಾಗ ತೋರಸ್ತೀನಿ."

ಅವರಿಗೆ ಇಂಗ್ಲಿಷ್ ಓದಲು ಬಾರದು ಎಂಬ ಧೈರ್ಯದಲ್ಲಿ ಕೊಟ್ಟೆ. ನಾಲ್ಕಾಗಿ ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಕೆಲಸ ಕೊಡುವವರಿಗೆ ಇಂಗ್ಲಿಷ್ ಬರುತ್ತದೆ ಎಂಬುದು ನನ್ನಂಥ ಬುದ್ಧಿವಂತನಿಗೆ ಹೊಳೆದದ್ದು ಬಸ್ಸು ಹೋದ ಮೇಲೆ.