ಒಕ್ಕಲಾಗದ ಮನೆಯ ಇಂಜಿನಿಯರಮ್ಮ

ಮನೆ ಕಟ್ಟಿಸುವ ಜನ ಇರುವವರೆಗೆ ನನಗೆ ನಗುವುದಕ್ಕೆ ಬರಗಾಲವಿಲ್ಲ. ಬ್ರಹ್ಮಾವರದಿಂದ ಶಿರೂರಿನವರೆಗೆ ಯಾವ ಅಂಗಳಕ್ಕೆ ಕಾಲಿಟ್ಟರೂ ಏನಾದರೊಂದು ಆಗಿಯೇ ಆಗುತ್ತದೆ. ನಾನು ಓದಿದ್ದು ಆರ್ಕಿಟೆಕ್ಚರ್. ಇಲ್ಲಿ ಮಾತ್ರ ಎಲ್ಲರಿಗೂ ಇಂಜಿನಿಯರಮ್ಮ. ತಿದ್ದಿ ತಿದ್ದಿ ಸಾಕಾಗಿ ಈಗ ನಾನೂ ಹಾಗೇ ಹೇಳಿಕೊಳ್ಳುತ್ತೇನೆ.

ನನ್ನದು ಸ್ವಲ್ಪ ವಿಚಿತ್ರ ಪದ್ಧತಿ. ಗಾಳಿ ಎತ್ತಣಿಂದ ಬರುತ್ತದೆ, ಮಳೆನೀರು ಎತ್ತ ಹರಿಯುತ್ತದೆ, ಯಾವ ಮರವನ್ನು ಕಡಿಯಬಾರದು, ಇದನ್ನೆಲ್ಲ ಮೊದಲು ನೋಡುತ್ತೇನೆ. ಆಮೇಲೆ ಆ ಮನೆಯಲ್ಲಿ ಇರುವವರ ಮೈ ಅಳೆಯುತ್ತೇನೆ. ಅಡುಗೆ ಮಾಡುವವಳ ಮೊಣಕೈ ಎಷ್ಟು ಎತ್ತರ, ಅಜ್ಜನ ಮಂಡಿ ಎಷ್ಟು ಮಡಚುತ್ತದೆ, ಕೂತಾಗ ಕಣ್ಣು ಎಲ್ಲಿಗೆ ಬರುತ್ತದೆ, ಎಲ್ಲ ಬೇಕು. ದರ್ಜಿಯ ಹಾಗೆ ಟೇಪು ಹಿಡಿದು ಬರುವ ಇಂಜಿನಿಯರನ್ನು ಇಲ್ಲಿಯವರು ಕಂಡಿರಲಿಲ್ಲ.

ಉಪ್ಪುಂದದಲ್ಲಿ, ಕಡಲಿನಿಂದ ಸ್ವಲ್ಪ ಈಚೆಗೆ, ನನ್ನದೇ ಒಂದು ಮನೆಯನ್ನೂ ಹೀಗೇ ಕಟ್ಟಿಕೊಂಡೆ. ಮಣ್ಣು, ಕೆಂಪುಕಲ್ಲು, ಮಧ್ಯದಲ್ಲಿ ಒಂದು ಸುರಹೊನ್ನೆ ಮರ. ಮರದ ಸುತ್ತ ಊಟಕ್ಕೆ ಕೂರುವ ಅರ್ಧಚಂದ್ರದ ಜಗಲಿ. ಊರವರೆಲ್ಲ ಬಂದು ಕೂರಲಿ ಅಂತ ಉದ್ದಕ್ಕೆ ಮಾಡಿಸಿದ್ದೆ. ಒಬ್ಬರೂ ಬರಲಿಲ್ಲ. ವರ್ಷಗಳಾದವು, ನನ್ನ ಮನೆಯಲ್ಲಿ ನಾನು ಬಿಟ್ಟರೆ ಇನ್ನೊಂದು ನರಪಿಳ್ಳೆ ಕೂತು ಉಂಡಿಲ್ಲ. ಒಬ್ಬರಾದರೂ ಬಂದು ಒಂದು ಹೊತ್ತು ಉಂಡುಹೋದರೆ ಸಾಕಿತ್ತು ಅಂತ ನನಗೆ ಆಸೆ, ಸುಳ್ಳು ಯಾಕೆ ಹೇಳಲಿ. ಜಗಲಿ ಒಂದೇ ಕಡೆ ಸವೆಯಬಾರದು ಅಂತ ದಿನಕ್ಕೊಂದು ಜಾಗದಲ್ಲಿ ಕೂತು ಉಣ್ಣುತ್ತಿದ್ದೆ.

ಅಳತೆ ಕೊಟ್ಟ ಭಟ್ಟರು

ಸಾಲಿಗ್ರಾಮದ ಹತ್ತಿರ ಒಬ್ಬ ಭಟ್ಟರು. ದೇವಸ್ಥಾನದ ಪೂಜೆಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದರು. ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ಮಧ್ಯಾಹ್ನ ಉಂಡು ಅಡ್ಡಾಗುವುದಕ್ಕೆ ಮೈಗೆ ಸರಿಯಾಗಿ ಕೂರುವ ಒಂದು ಜಗಲಿ ಬೇಕು ಅಂದರು. ನನಗೆ ಖುಷಿಯೋ ಖುಷಿ. ಚಾವಡಿಯ ನೆಲದ ಮೇಲೆ ಬಿಳಿ ಪಂಚೆ ಹಾಸಿ, ಅವರನ್ನು ಅಂಗಾತ ಮಲಗಿಸಿದೆ. ಗಾಳಿ ಬರುವ ದಿಕ್ಕು ನೋಡಿ ತಲೆಯನ್ನು ಆ ಕಡೆಗೆ ಮಾಡಿಸಿದೆ.

"ಭಟ್ರೆ, ಕಣ್ಣ್ ಮುಚ್ಕಣಿ. ನಾ ಹೇಳುವರಿಗೆ ಒಂಚೂರೂ ಅಲುಗುಕಾಗ" ಅಂದೆ.

ಉದ್ದದ ಟೇಪು ಕಾರಿನಲ್ಲಿ ಉಳಿದಿತ್ತು. ತರಲು ಹೋದೆ. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಒಗ್ಗರಣೆ ಸೊಪ್ಪು ಕೇಳಲು ಹಿಂದಿನ ಬಾಗಿಲಿಂದ ಬಂದಿದ್ದಾಳೆ. ನೋಡುತ್ತಾಳೆ, ಭಟ್ಟರು ನೆಲದ ಮೇಲೆ, ಬಿಳಿ ಬಟ್ಟೆ, ತಲೆ ತೆಂಕು ದಿಕ್ಕಿಗೆ, ಕಣ್ಣು ಮುಚ್ಚಿದೆ. ಇನ್ನೇನು ಬೇಕು? ಬೊಬ್ಬೆ ಹೊಡೆದಳು ನೋಡಿ.

ನಾನು ಟೇಪು ಹಿಡಿದು ಬರುವ ಹೊತ್ತಿಗೆ ಚಾವಡಿ ತುಂಬ ಜನ. ಒಬ್ಬರು ಅಳುತ್ತಿದ್ದಾರೆ, ಒಬ್ಬರು "ಒಂದ್ ದಿನ ಒಬ್ರಿಗೆ ಕೆಟ್ಟ್ ಮಾತ್ ಹೇಳ್ದ್ ಜನ ಅಲ್ಲ" ಅನ್ನುತ್ತಿದ್ದಾರೆ, ಇನ್ನೊಬ್ಬರು ಪೇಟೆಯ ನೆಂಟರಿಗೆ ಫೋನು ಹಚ್ಚಿದ್ದಾರೆ. ಬಾವಿಕಟ್ಟೆಯಲ್ಲಿದ್ದ ಭಟ್ಟರ ಹೆಂಡತಿ ಓಡಿ ಬಂದರು. ಆಗ ಭಟ್ಟರು ಮೆಲ್ಲಗೆ ಒಂದು ಕಣ್ಣು ತೆರೆದರು. ಫೋನು ಹಿಡಿದವನು ಫೋನನ್ನೇ ಬಿಟ್ಟು ಅಂಗಳಕ್ಕೆ ಹಾರಿದ.

"ಜೀವ ಇದ್ದದ್ದೇ ಹೌದಾದ್ರೆ ಏಳುಕೆ ಎಂತ ಆಯ್ತ್ ನಿಮ್ಗೆ?" ಹೆಂಡತಿ ಕೇಳಿದರು.

"ಇಂಜಿನಿಯರಮ್ಮ ಅಲುಗುಕಾಗ ಅಂದಿರ್. ಅದೂ ಅಲ್ದೆ, ನಾ ಇಷ್ಟ್ ಒಳ್ಳೆಯವ ಅಂತ ನಂಗೇ ಗೊತ್ತಿರ್ಲಿಲ್ಲೆ ಕಾಣ್. ನಿನ್ನ ಬಾಯಂಗೆ ಎಂತ ಬತ್ತ್ ಕೇಂಬ ಅಂತ ಕಾಯ್ತಾ ಇದ್ದೆ" ಅಂದರು ಭಟ್ಟರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ನಗು ಇಳಿಯಿತು. ಭಟ್ಟರು ಗಳಿಗೆಯ ಮಟ್ಟಿಗೆ ಮಲಗಿದ್ದಕ್ಕೆ ಕೇರಿಗೆ ಕೇರಿಯೇ ಬಂದಿತ್ತು. ನಾನು ವರ್ಷಗಳಿಂದ ಹಾಗೇ ನೆಲದ ಮೇಲೆ ಮಲಗುತ್ತಿದ್ದೇನೆ, ಅದೂ ಬಾಗಿಲು ತೆರೆದೇ. ಒಂದು ಬೆಕ್ಕೂ ಬೊಬ್ಬೆ ಹೊಡೆದಿಲ್ಲ.

ಕಡಲು ಕಾಣುವ ಕಿಟಕಿ

ನಮ್ಮ ಊರಿನಲ್ಲೇ ಮೀನು ಮಾರುವ ಅಕ್ಕ ಒಬ್ಬಳಿದ್ದಾಳೆ. ಗಂಡ, ಮಕ್ಕಳು ಬೋಟಿಗೆ ಹೋಗುವವರು. ಹೊಸ ಮನೆಗೆ ನಕ್ಷೆ ಮಾಡಿಕೊಡಿ ಅಂದಳು. ದಿನವಿಡೀ ತಲೆ ಮೇಲೆ ಬುಟ್ಟಿ ಹೊತ್ತು ತಿರುಗುವವಳು, ಸಂಜೆ ಮಣೆ ಹಾಕಿ ಕೂತರೆ ಅವಳ ಕಣ್ಣಿಗೆ ಸರಿಯಾಗಿ ಕಡಲು ಕಾಣಬೇಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಕೂರಿಸಿ ಅಳೆದೆ, ನಿಲ್ಲಿಸಿ ಅಳೆದೆ. ಮೇಸ್ತ್ರಿಯ ಹತ್ತಿರ ಜಗಳವಾಡಿ ಪಡುಗೋಡೆಯಲ್ಲಿ ತಗ್ಗಿಗೆ ಒಂದು ಅಗಲದ ಕಿಟಕಿ ಇಡಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಕಿಟಕಿ ಇನ್ನೊಂದು ಮಾಡಿಲ್ಲ.

ಕೆಲವು ತಿಂಗಳು ಬಿಟ್ಟು ನೋಡಲು ಹೋದೆ. ಕಿಟಕಿ ಇದ್ದಲ್ಲಿ ಕಪಾಟು. ಕಪಾಟಿನ ಮೇಲೆ ಟಿವಿ.

"ಅಲ್ಲ ಮಾರಾಯ್ತಿ, ಕಿಟಕಿ ಎಲ್ಲಿತ್ತ್?" ಅಂದೆ. ನನಗೆ ಅಳುವೇ ಬಂದಿತ್ತು.

"ಅಮಾ, ಗಂಡ ದಿನಾ ಕಂಬುದ್ ಆ ಕಡ್ಲನ್ನೇ, ಮಕ್ಳ್ ಕಂಬುದೂ ಅದನ್ನೇ. ಅವ್ರ್ ವಾಪಸ್ ಬಪ್ಪುವರಿಗೆ ನಂಗೆ ಅದ್ರ್ ಮೋರೆ ಕಂಡ್ರೆ ಆತಿಲ್ಲೆ. ಮನಿ ಒಳ್ಗ್ ಕೂಕಂಡೂ ಅದ್ನೇ ಕಾಣ್ಕಾ? ನಂಗೆ ರಸ್ತೆ ಬದಿಗೆ ಒಂದ್ ಕಿಟಕಿ ಕೊಟ್ರ್ ಸಾಕಿತ್ತ್. ಹೋಪರ್ ಬಪ್ಪರ್ ಕಂಡ್ಕಂಡ್ ಇರ್ಲಕ್ಕಿತ್ತ್."

ಅವಳ ಕಣ್ಣಿನ ಎತ್ತರ ಅಳೆದೆ, ಆ ಕಣ್ಣಿಗೆ ಏನು ಕಾಣಬೇಕು ಅಂತ ಕೇಳಿರಲಿಲ್ಲ. ಅವಳ ಪಕ್ಕದಲ್ಲೇ ಮಣೆ ಹಾಕಿ ಕೂತೆ. ಟಿವಿಯಲ್ಲಿ ಧಾರಾವಾಹಿ ಬರುತ್ತಿತ್ತು. ನಾಯಕಿ ದೊಡ್ಡ ಕಡಲ ದಡದಲ್ಲಿ ನಿಂತು ಅಳುತ್ತಿದ್ದಳು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಎಷ್ಟ್ ಚೆಂದ ಜಾಗ ಕಾಣಿ ಅಮಾ, ಎಲ್ಲಿಯದೋ ಏನೋ!" ಅಂದಳು.

ಕಾವಲಿನ ಕೆಲಸ

ನನ್ನ ಮನೆಯ ಗೋಡೆಗೆ ಸಿಮೆಂಟಿನ ಗಿಲಾವು ಇಲ್ಲ, ಬಣ್ಣ ಇಲ್ಲ. ಮಣ್ಣಿನ ಗೋಡೆ ಉಸಿರಾಡಲಿ ಅಂತ ಹಾಗೇ ಬಿಟ್ಟದ್ದು. ಹೆಂಚಿನ ಮಾಡಿನ ನಡುವೆ ಮರ ಹೊರಗೆ ಬಂದಿದೆ. ಇದನ್ನು ನೋಡಲು ಬೇರೆ ಊರಿನ ಕಾಲೇಜಿನ ಮಕ್ಕಳು ಒಂದು ಸಲ ಬಸ್ಸು ಮಾಡಿಕೊಂಡು ಬಂದಿದ್ದರು. ಫೋಟೋ ತೆಗೆದು, ತಂದ ಬುತ್ತಿಯನ್ನು ಬಸ್ಸಿನಲ್ಲೇ ಉಂಡು ಹೋದರು. ಊರವರು ಮಾತ್ರ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿ, "ಆತ್ತ್, ಆತ್ತ್, ನಿಧಾನಕ್ಕೆ ಆತ್ತ್" ಅಂತ ಸಮಾಧಾನ ಹೇಳಿ ಹೋಗುತ್ತಿದ್ದರು. ಏನು ಆಗುತ್ತದೆ ಅಂತ ನನಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ಮರಳಿನ ಲಾರಿಯವನೊಬ್ಬ ವಿಳಾಸ ತಪ್ಪಿ ನಮ್ಮಲ್ಲಿಗೆ ಬಂದ. ನಾನು ಹಳೆಯ ನೈಟಿಯ ಮೇಲೆ ಒಂದು ಬೈರಾಸು ಟವೆಲು ಹಾಕಿಕೊಂಡು ಅಂಗಳದಲ್ಲಿ ಎಲೆ ಗುಡಿಸುತ್ತಿದ್ದೆ.

"ಹ್ವಾಯ್ ಅಕ್ಕ, ಧಣಿಗಳ್ ಯಾವಾಗ ಬತ್ರ್?"

"ಧಣಿಗಳ್ ಇಲ್ಲೇ ಇತ್ರ್. ಎಂತ ಬೇಕಿತ್ತ್?" ಅಂದೆ.

ನನ್ನನ್ನು ಕಾವಲಿನವಳು ಅಂತ ತಿಳಿದಿದ್ದಾನೆ ಅಂತ ಗೊತ್ತಾಯಿತು. ಸರಿಮಾಡಬೇಕಿತ್ತು, ಮಾಡಲಿಲ್ಲ. ಆ ವಾರ ನನ್ನೊಡನೆ ಬಾಯಿಬಿಟ್ಟು ಮಾತಾಡಿದ ಮೊದಲ ಮನುಷ್ಯ ಅವನು. ಅಂಗಳದ ಕಲ್ಲಿನ ಮೇಲೆ ಕೂತು ವಂಡ್ಸೆಯಲ್ಲಿರುವ ತನ್ನ ಅತ್ತೆಯ ಬಗ್ಗೆ, ಲಾರಿಯ ಗೇರ್ ಬಾಕ್ಸಿನ ಬಗ್ಗೆ ಹೇಳಿದ್ದೇ ಹೇಳಿದ್ದು. ನಾನು ಪೊರಕೆ ಹಿಡಿದೇ ಕೇಳಿದೆ. ಕೊನೆಗೆ ಅವನಿಗೆ ನನ್ನ ಮೇಲೆ ಕನಿಕರ ಬಂತು.

"ಅಲ್ಲಕ್ಕ, ಈ ಕೆಲ್ಸ ಮುಗಿವ ಹಾಂಗ್ ಕಾಣ್ತಿಲ್ಲೆ. ಶಿರೂರಂಗೆ ಒಂದ್ ದೊಡ್ಡ್ ಬಿಲ್ಡಿಂಗ್ ಆತಾ ಇತ್ತ್. ಅಲ್ಲಿ ಕಾವ್ಲಿಗೆ ಒಂದ್ ಹೆಂಗ್ಸ್ ಬೇಕ್ ಅಂದಿರ್. ಹೋತ್ರಿಯಾ?"

"ಅಲ್ಲೂ ಒಬ್ಳೇ ಇರ್ಕಾ?" ಕೇಳಿದೆ.

"ಇಲ್ಲಪ್ಪ! ಇನ್ನೊಬ್ಳ್ ಇತ್ಲ್. ಇಬ್ರೂ ಒಟ್ಟಿಗೆ ಬೇಯ್ಸ್ಕಂಡ್ ಉಂಡ್ಕಂಡ್ ಇಪ್ಪುದ್."

ಹೌದು ಅನ್ನುವುದು ಬಾಯಿಯ ತುದಿಗೆ ಬಂದಿತ್ತು ಮಾರಾಯ್ರೆ.

ಅಂಗಳದಲ್ಲೇ ಉಳಿದ ಅಕ್ಕ

ಒಂದು ಬೆಳಿಗ್ಗೆ ಮೀನಿನ ಅಕ್ಕ ಬಂದಳು. ರಸ್ತೆ ಬದಿಗೆ ಕಿಟಕಿ ತೆಗೆಸಬೇಕಂತೆ, ಎಲ್ಲಿ ಒಡೆಯಬೇಕು ಹೇಳಿ ಅಂದಳು. "ಒಳ್ಗ್ ಬಾ, ಚಾ ಕುಡಿ" ಅಂದೆ. ಬರಲಿಲ್ಲ. "ತಿಂಡಿ ಆತಾ ಇತ್ತ್, ತಿಂದ್ಕಂಡ್ ಹೋಯ್ಲಕ್ಕ್" ಅಂದೆ. ಬಿಸಿಲಲ್ಲೇ ನಿಂತಳು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಗೆಲ್ಲ ನನ್ನ ಮನಿ ಕಂಡ್ರೆ ಅಷ್ಟ್ ಅಸಹ್ಯವಾ? ಇಷ್ಟ್ ವರ್ಷ ಆಯ್ತ್, ಒಬ್ರಾದ್ರೂ ಹೊಸ್ಲ್ ದಾಟಿದ್ರಾ?"

ಅಕ್ಕ ಬುಟ್ಟಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಮಾ, ನೀವ್ ಒಕ್ಲೇ ಮಾಡ್ಲಿಲ್ಲ. ಒಕ್ಲಾಗ್ದೆ ಇಪ್ಪ ಮನಿಗೆ ಉಂಬುಕೆ ಬಪ್ಪುದ್ ಹ್ಯಾಂಗೆ? ಕೆಲ್ಸ ಮುಗೀಲಿಲ್ಲ, ಮುಗ್ದ್ಮೇಲೆ ಕರಿತ್ರ್ ಅಂತ ಊರಿಗೂರೇ ಕಾಯ್ತಾ ಇತ್ತ್. ನನ್ ತಂಗಿ ಸೀರಿನೂ ತೆಗ್ದ್ ಇಟ್ಕಂಡಿತ್ಲ್!"

ಹೊಸ ಮನೆಯಲ್ಲಿ ಹಾಲು ಉಕ್ಕಿಸಿ, ಗೃಹಪ್ರವೇಶ ಮಾಡಿ ಒಕ್ಕಲಾಗದೆ ಯಾರೂ ಉಣ್ಣುವುದಿಲ್ಲ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ನಕ್ಷೆಯ ಎಲ್ಲ ಮನೆಗಳ ಒಕ್ಕಲಿನ ಊಟ ಉಂಡು ಬಂದವಳು ನಾನು. ನನ್ನ ಮನೆಗೆ ಮಾತ್ರ ಮಾಡಿರಲಿಲ್ಲ. ಒಬ್ಬಳಿಗೆ ಎಂಥ ಒಕ್ಕಲು ಅಂತ ಬಿಟ್ಟುಬಿಟ್ಟಿದ್ದೆ. ಅದನ್ನು ಅಕ್ಕನಿಗೆ ಹೇಳಿದೆ.

"ಒಬ್ಬಳೇ ಇಪ್ಪುದ್ ಹೌದೇ ಹೌದ್," ಅಂದಳು ಅಕ್ಕ, "ಕರೀದೆ ಕೂಕಂಡ್ರೆ ಇನ್ನೆಷ್ಟ್ ಜನ ಇರ್ತ್ರ್?"

ಹಾಲುಕ್ಕಿಸಿದ್ದು

ಸಾಲಿಗ್ರಾಮದ ಭಟ್ಟರನ್ನೇ ಕರೆಸಿದೆ. "ಭಟ್ರೆ, ನಂಗೆ ಜೋಡಿ ಇಲ್ಲೆ, ಅಡ್ಡಿಲ್ಯಾ?" ಅಂತ ಹೆದರಿ ಹೆದರಿ ಕೇಳಿದೆ. "ಹಾಲ್ ಉಕ್ಸುಕೆ ಜೋಡಿ ಎಂತಕೆ? ಒಲೆ ಇದ್ರ್ ಸಾಕ್" ಅಂದರು.

ಒಲೆಯಲ್ಲೇ ಬಂತು ನೋಡಿ ಕಷ್ಟ. ನನ್ನ ಅಡುಗೆಮನೆಯ ಪಡುಬದಿಗೆ ಗೋಡೆಯೇ ಇಲ್ಲ. ಕಡಲಗಾಳಿ ಒಳಗೆ ಬಂದು ಮನೆಯೆಲ್ಲ ಸುತ್ತಿ ಹೋಗಲಿ ಅಂತ ಮೊಣಕಾಲೆತ್ತರದ ಕಟ್ಟೆ ಮಾತ್ರ. ನಾನು ಬೇಯಿಸಿಕೊಳ್ಳುತ್ತಿದ್ದದ್ದು ಕರೆಂಟಿನ ಒಲೆಯಲ್ಲಿ, ನನಗೆ ತೊಂದರೆಯೇ ಗೊತ್ತಾಗಿರಲಿಲ್ಲ. ಭಟ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಂಗೆ ಅಗ್ನಿ ಎಲ್ಲಿತ್ತ್?" ಅಂದರು. ಮೂರು ಕಲ್ಲು ಇಟ್ಟು, ತೆಂಗಿನ ಗರಟೆ ಒಟ್ಟಿ ಬೆಂಕಿ ಹಾಕಿದರು. ಹಾಕಿದ್ದೊಂದೇ, ಕಡಲು ಒಂದು ಉಸಿರು ಬಿಟ್ಟಿತು, ಬೂದಿಯೆಲ್ಲ ಭಟ್ಟರ ಶಾಲಿನ ಮೇಲೆ.

ಊರು ಪೂರಾ ಬಂದಿತ್ತು. ಅಕ್ಕನ ತಂಗಿ ಆ ಸೀರೆಯನ್ನೇ ಉಟ್ಟಿದ್ದಳು. ಕೊಡೆ ಅಡ್ಡ ಹಿಡಿದರು, ಕೊಡೆ ಮೇಲ್ಮುಖವಾಗಿ ಮಗುಚಿತು. ಚಾಪೆ ಹಿಡಿದರು, ಚಾಪೆ ತೋಟಕ್ಕೆ ಹೋಯಿತು. ಭಟ್ಟರು ಗಡಿಯಾರ ನೋಡುತ್ತಾರೆ, ಮುಹೂರ್ತ ಮೀರುತ್ತಿದೆ. ಹಾಲು ತಣ್ಣಗೆ ಕೂತಿದೆ. ಈಗ ಹಾಲು ಉಕ್ಕದಿದ್ದರೆ ಇವರೆಲ್ಲ ಉಣ್ಣದೆ ಎದ್ದು ಹೋಗುತ್ತಾರೆ, ಮತ್ತೆ ಈ ಹೊಸ್ತಿಲ ಕಡೆಗೆ ಯಾರೂ ಬರುವುದಿಲ್ಲ ಅನಿಸಿತು.

"ಎಲ್ರೂ ಅಡ್ಡ ನಿಂತ್ಕಣಿ!" ಅಕ್ಕ ಕೂಗಿದಳು. ಜನ ಗಾಳಿಗೆ ಬೆನ್ನು ಕೊಟ್ಟು ಕಟ್ಟೆಯ ಮುಂದೆ ಸಾಲಾಗಿ ನಿಂತರು. ಸಂದುಗಳಿಂದ ಗಾಳಿ ನುಗ್ಗಿತು. ಆಗ ನನಗೆ ನನ್ನ ವಿದ್ಯೆ ನೆನಪಾಯಿತು. ಹೆಗಲಿನ ಎತ್ತರ ನೋಡಿ ನೋಡಿ ಜೋಡಿಸಿದೆ. ಉದ್ದದವರು ಹಿಂದೆ, ಗಿಡ್ಡದವರು ಮುಂದೆ, ಇಬ್ಬರು ತೆಳ್ಳಗಿನವರ ನಡುವೆ ಒಬ್ಬ ದಪ್ಪನೆಯವರು.

"ಹ್ವಾಯ್, ಹೊಟ್ಟಿ ಒಳ್ಗ್ ಎಳ್ಕಂಬ್ಯಾಡಿ, ಸಂದ್ ಆತ್ತ್!" ಅಂತ ಕೂಗಿದೆ. ಬೋಟಿನವನೊಬ್ಬ, "ನನ್ನ ಹೊಟ್ಟಿಗೆ ಇಷ್ಟ್ ಮರ್ಯಾದಿ ಇವತ್ತೇ ಸಿಕ್ಕದ್" ಅಂದ. ಎಲ್ಲರಿಗೂ ನಗು. ಜನರ ಗೋಡೆ ಅಲುಗಿತು, ಬೆಂಕಿಯೂ ಅಲುಗಿತು. "ನೆಗಾಡ್ಬ್ಯಾಡಿ!" ಭಟ್ಟರು ಗದರಿದರು. ಒಬ್ಬಾಕೆಗೆ ಸೀನು ಬಂತು, ಪಕ್ಕದವಳು ಅವಳ ಮೂಗು ಹಿಡಿದಳು. ನಾಲ್ಕಾರು ಜನರ ಫೋನು ಒಟ್ಟಿಗೇ ಹೊಡೆದುಕೊಂಡವು, ಯಾರೂ ಕೈ ಎತ್ತಲಿಲ್ಲ.

ಹಾಲು ಮೆಲ್ಲಗೆ ಏರಿ, ಮೂಡು ಬದಿಗೆ ಉಕ್ಕಿ ಸುರಿಯಿತು. ನಾನು ಭೋರೆಂದು ಅತ್ತುಬಿಟ್ಟೆ. ಹೊಗೆ ಅಂತ ಹೇಳಿದೆ. ಹೊಗೆ ಇರಲಿಲ್ಲ, ಗೋಡೆ ಅಷ್ಟು ಭದ್ರವಿತ್ತು.

ಜಗಲಿ ತುಂಬ ಜನ ಕೂತು ಉಂಡರು. ಜಾಗ ಸಾಲದೆ ಎರಡನೇ ಪಂಕ್ತಿ ಮಾಡಬೇಕಾಯಿತು. ಹೊರಡುವಾಗ ಅಕ್ಕ ಅಡುಗೆಮನೆಗೆ ಬಂದಳು.

"ಅಮಾ, ಇಲ್ಲೊಂದ್ ಗೋಡೆ ಕಟ್ಸಿ. ಇಲ್ದಿರೆ ನಿಮ್ಗೆ ಒಂದ್ ಲೋಟ ಚಾ ಕಾಸುಕೂ ನಾವೆಲ್ಲ ಬಂದ್ ಅಡ್ಡ ನಿಲ್ಕಾತ್ತ್."

ನಾನು ಕೈಯಲ್ಲಿದ್ದ ಬೈರಾಸನ್ನು ಕರೆಂಟಿನ ಒಲೆಯ ಮೇಲೆ ಅವಳಿಗೆ ಕಾಣದ ಹಾಗೆ ಮೆಲ್ಲಗೆ ಹೊದಿಸಿದೆ.

"ಹೌದ್ ಮಾರಾಯ್ತಿ, ಭಾರೀ ಕಷ್ಟ. ನಾಳೆ ಎಷ್ಟೊತ್ತಿಗೆ ಬತ್ರಿ ಎಲ್ರೂ?" ಅಂದೆ.