ಟವೆಲ್ ಹಾಕಿದ ಟ್ಯಾಬುಗಳು

ಕನಕಪುರದ ತಾಲ್ಲೂಕು ಆಫೀಸಿನ ಎದುರು ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಇರುವುದು ಒಂದೇ ಕಂಪ್ಯೂಟರ್, ಅದರ ಮೆಮೊರಿಯೂ ಅಷ್ಟಕ್ಕಷ್ಟೇ. ನನ್ನ ತಲೆ ತಿನ್ನುವವರು ಮಾತ್ರ ದಿನಕ್ಕೊಬ್ಬರು ಹೊಸಬರು ಬರುತ್ತಲೇ ಇರುತ್ತಾರೆ.

೧. ಸೀಟು ಹಿಡಿದರು

ದೊಡ್ಡಆಲಹಳ್ಳಿಯ ಯಜಮಾನರೊಬ್ಬರು ಪಹಣಿ ತೆಗೆಸಲು ಬಂದರು. ಪೇಜು ತೆರೆದೆ. ಅದು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು.

"ಸರ್ವರ್ ಸಿಗ್ತಿಲ್ಲ, ನಾಳೆ ಬನ್ನಿ" ಎಂದೆ.

"ಬತ್ತೀನಿ ಕಣವ್ವ. ಆದ್ರೆ ಅದನ್ನ ಮುಚ್ಬೇಡ. ಬೆಳಿಗ್ಗೆಯಿಂದ ಕಾದು ಇಷ್ಟು ಮುಂದಕ್ಕೆ ಬಂದಿವ್ನಿ. ಮುಚ್ಚಿದ್ರೆ ಮತ್ತೆ ಹಿಂದಕ್ಕೆ ಹೋಗ್ಬೇಕಾಯ್ತದೆ."

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ ನಾವು. ಅವರು ನನ್ನ ಬ್ರೌಸರಿಗೂ ಟವೆಲ್ ಹಾಕಿ ಹೋದರು. ಹೋಗುವಾಗ ಬೆಂಚಿನ ಮೇಲೆ ಕೂತವರಿಗೆಲ್ಲ ಈ ಉಪಾಯ ಹೇಳಿಯೂ ಹೋದರು. ಎರಡೇ ದಿನದಲ್ಲಿ ಹೀಗೆ ತೆರೆದಿಟ್ಟ ಪೇಜುಗಳ ಟ್ಯಾಬುಗಳು ಎಷ್ಟಾದವೆಂದರೆ ಒಂದರ ಮೇಲೂ ಹೆಸರು ಕಾಣದು. ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಆರಿಸುವ ಹಾಗೂ ಇಲ್ಲ, ಬೆಳಿಗ್ಗೆ ಬಂದು "ನನ್ ಪೇಜು ಎಲ್ಲಿ?" ಎಂದು ಜಗಳಕ್ಕೆ ನಿಲ್ಲುತ್ತಾರೆ!

೨. ನಮ್ಮವರ ರಿಪೇರಿ

ಮೂರನೇ ದಿನ ಮೌಸ್ ಅಲ್ಲಾಡಿಸಿದರೆ ಬಾಣ ಟೀ ಕುಡಿದುಕೊಂಡು ಬರತೊಡಗಿತು. ರಿಪೇರಿಯವನಿಗೆ ಫೋನ್ ಮಾಡಿದೆ. "ಅಕ್ಕ, ಬ್ರೌಸರೇ ಮೆಮೊರಿಯೆಲ್ಲ ತಿಂತಾ ಐತೆ. ತೆಗೆದಿರೋ ಪೇಜು ಒಸಿ ಕಮ್ಮಿ ಮಾಡಿ" ಎಂದ. ಅದನ್ನು ಗಂಡನಿಗೆ ಒಪ್ಪಿಸಿ ಊಟಕ್ಕೆ ಹೋದೆ. ಅದು ನನ್ನದೇ ತಪ್ಪು.

ಬಂದು ನೋಡಿದರೆ ಪರದೆಯ ಮೇಲಿನ ಅಕ್ಷರಗಳೆಲ್ಲ ರಾಗಿಕಾಳಿನಷ್ಟಾಗಿವೆ.

"ಏನ್ರೀ ಇದು?"

"ಯಾರಿಗೂ ಬೇಜಾರಾಗ್ಬಾರ್ದು ಅಂತ ಎಲ್ಲಾರ ಪೇಜೂ ಸಣ್ಣ ಮಾಡಿವ್ನಿ. ಇನ್ನು ಜಾಗ ಸಾಕಾಯ್ತದೆ ಬುಡು."

ಹಣೆ ಚಚ್ಚಿಕೊಂಡೆ. ಕಂಪ್ಯೂಟರ್ ಒಂದಿಷ್ಟೂ ಚುರುಕಾಗಲಿಲ್ಲ, ನನಗೆ ಮಾತ್ರ ಕನ್ನಡಕ ಬೇಕಾಯಿತು.

೩. ಐದು ಗಂಟೆಯೊಳಗೆ

ನಾಲ್ಕನೇ ದಿನ ಮರಳವಾಡಿಯಿಂದ ಒಬ್ಬ ಹುಡುಗಿ ಬಂದಳು. ಹಾಸ್ಟೆಲ್ ಅರ್ಜಿಗೆ ಅಂದೇ ಕಡೇ ದಿನ, ಅದೂ ಸಂಜೆ ಐದರವರೆಗೆ. ಹಾಸ್ಟೆಲ್ ಸಿಗದಿದ್ದರೆ ಕಾಲೇಜೇ ಬೇಡ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ನಾಲ್ಕೂವರೆಗೆ, ಅರ್ಧ ತುಂಬಿದ ಅರ್ಜಿಯ ಮೇಲೆ ಕಂಪ್ಯೂಟರ್ ನಿಂತೇ ಹೋಯಿತು. ಹುಡುಗಿಯ ಕಣ್ಣು ತುಂಬಿತು.

"ಎಲ್ಲಾ ಮುಚ್ತೀನಿ" ಎಂದೆ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.

"ಬೇರೆಯೋರ್ದು ಮುಚ್ಚವ್ವ, ನಂದೊಂದು ಬುಟ್ಬುಡು" ಎಂದರು ಅಂದೂ ಬಂದು ಕೂತಿದ್ದ ಯಜಮಾನರು. ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು.

"ನಿಮ್ ಪಹಣಿ ನಾಳೆನೂ ಇರ್ತದೆ, ಈ ಹುಡುಗಿ ಅರ್ಜಿ ಇರಲ್ಲ!" ಎಂದು ಕಿರುಚಿ, ಒಂದನ್ನೂ ಬಿಡದೆ ಮುಚ್ಚಿ, ಅರ್ಜಿಯನ್ನು ಮೊದಲಿನಿಂದ ತುಂಬಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಅದು ಸಲ್ಲಿಕೆಯಾಯಿತು. ಹುಡುಗಿ ನನ್ನ ಕೈ ಹಿಡಿದುಕೊಂಡಳು. ನಾಲ್ಕು ದಿನ ಪಟ್ಟ ಪಾಡೆಲ್ಲ ಆಗ ಮರೆತೇಹೋಯಿತು.

ಪಾಪ ಅನ್ನಿಸಿ ಯಜಮಾನರ ಪಹಣಿಯನ್ನೂ ಹೊಸದಾಗಿ ತೆರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ.

"ನೋಡಿದ್ರಾ? ಮುಚ್ಚಿದ್ದಕ್ಕೇ ಬಂದಿದ್ದು" ಎಂದೆ, ಗೆದ್ದ ಹೆಮ್ಮೆಯಲ್ಲಿ.

"ಅದಕ್ಕಲ್ಲ ಕಣವ್ವ. ನಾಕು ದಿನದಿಂದ ಹಿಡಿದು ಮಡಗಿದ್ದಕ್ಕೆ ಬಂತು" ಎಂದು ಅವರು ಪಹಣಿ ಮಡಚಿ ಜೇಬಿಗಿಟ್ಟರು. "ಅಂಗೇ ನನ್ ತಮ್ಮಂದೂ ಒಂದು ಪೇಜು ತೆಗೆದ್ ಮಡಗು. ಅವ್ನು ಸೋಮವಾರ ಬತ್ತಾನೆ."